ಬಣ್ಣ ತೆಗೆಯುವ ಹೊತ್ತು

ಬೆಳಗಿನವರೆಗೆ ಯಕ್ಷಗಾನದ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಬಣ್ಣದ ಮನೆಯಲ್ಲಿ, ನಾನು ಮೊದಲ ಸಲ ಕೂತದ್ದು ಹದಿನೇಳನೆಯ ವಯಸ್ಸಿನಲ್ಲಿ. ಸೋದರಮಾವ ಮೇಳವೊಂದರ ಸ್ತ್ರೀವೇಷಧಾರಿ. ಆ ರಾತ್ರಿ ದಮಯಂತಿಯಾಗಿ ಕಾಡಿನಲ್ಲಿ ಅತ್ತು, ಎದುರು ಕೂತ ಅಜ್ಜಿಯಂದಿರನ್ನೂ ಅಳಿಸಿ ಬಂದಿದ್ದರು. ಬಳೆ ತೆಗೆದಿಟ್ಟು, ಅಂಗೈಗೆ ತೆಂಗಿನೆಣ್ಣೆ ಸುರಿದುಕೊಂಡು ಮುಖಕ್ಕೆ ತಿಕ್ಕಿದರು. ಬಣ್ಣ ಹೋಯಿತು. ರೆಪ್ಪೆಯ ಬುಡದ ಕಾಡಿಗೆ ಹೋಗಲಿಲ್ಲ.

ಮನೆಗೆ ಹೊರಟ ಬಸ್ಸಿನಲ್ಲಿ ಆ ಕಪ್ಪು ಗೆರೆ ನೋಡಿ ಕಾಲೇಜು ಹುಡುಗರಿಬ್ಬರು ಕಿಸಕ್ಕನೆ ನಕ್ಕರು. ಮಾವ ಕಿಟಕಿಯ ಕಡೆ ತಿರುಗಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ, "ನಿದ್ರೆಯೇ ಬರುದಿಲ್ಲ ಮಾರಾಯ. ಕಣ್ಣು ಮುಚ್ಚಿದ್ರೆ ಚೆಂಡೆ ಕೇಳ್ತದೆ" ಎಂದರು. ಆಟದವರಿಗೆ ಇದೆಲ್ಲ ಇದ್ದದ್ದೇ ಎಂದುಕೊಂಡು ನಾನು ಸುಮ್ಮನಾದೆ. ಆ ಸುಮ್ಮನಿರುವಿಕೆ ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ನವೆಂಬರಿನ ಸುಮಾರಿಗೆ ಹೊರಟ ಮೇಳಗಳು ಮೇ ಕೊನೆಗೆ, ತಿರುಗಾಟ ಮುಗಿಸುವ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚುತ್ತವೆ. ಆರು ತಿಂಗಳು ದಿನಕ್ಕೊಂದು ಊರು, ರಾತ್ರಿಗೊಂದು ಪಾತ್ರ, ಹಗಲಿಗೆ ಅರೆನಿದ್ರೆ. ಆಮೇಲೆ ಮಳೆ, ಚಪ್ಪಾಳೆಯೂ ಇಲ್ಲ, ಸಂಬಳವೂ ಇಲ್ಲ. ಅಂಥ ಒಂದು ಮಳೆಗಾಲದಲ್ಲಿ ಮಾವ ಮಾತು ಬಿಟ್ಟರು. ಅತ್ತೆ ದಣಿವು ಎಂದರು, ಊರವರು ಕುಡಿತ ಎಂದರು.

ಮತ್ತೆ ತಿರುಗಾಟ ಶುರುವಾದಾಗ ನಿಜ ಏನೆಂದು ಮೊದಲು ಕಂಡುಕೊಂಡವರು ಮೇಳದ ಮದ್ದಳೆಗಾರರು. "ಇವ ಈಗ ತಾಳಕ್ಕೆ ಕುಣಿಯುದಿಲ್ಲ, ತಾಳದ ಹಿಂದೆ ಓಡ್ತಾನೆ. ಇದು ಕಾಲಿನ ತೊಂದರೆ ಅಲ್ಲ" ಎಂದು ಹೇಳಿ, ಮಾವನನ್ನು ಮನೋವೈದ್ಯರಲ್ಲಿಗೆ ಅವರೇ ಕರೆದೊಯ್ದರು. ವೈದ್ಯರು ಮೊದಲು ಕೇಳಿದ್ದು ಆಟ ಎಷ್ಟು ಗಂಟೆಗೆ ಮುಗಿಯುತ್ತದೆ ಎಂದು. ನಿದ್ರೆ ತರುವ ಮಾತ್ರೆಯನ್ನು ರಾತ್ರಿಯ ಬದಲು ಆಟ ಮುಗಿಸಿ ಮಲಗುವ ಹೊತ್ತಿಗೆ ಬರೆದುಕೊಟ್ಟರು. ಮರುವರ್ಷ ಮಾವ ಮತ್ತೆ ಗೆಜ್ಜೆ ಕಟ್ಟಿದರು. ಕಲಾವಿದನ ಮನಸ್ಸಿಗೆ ಆಸರೆಯಾಗುವುದೆಂದರೆ ಅವನ ಕಸುಬನ್ನು ಅರಿತು ಹತ್ತಿರ ಹೋಗುವುದು ಎಂದು ನಾನು ನಂಬಿದ್ದು ಆವಾಗಿನಿಂದ. ಇಬ್ಬರು ಪುಣ್ಯಾತ್ಮರು ಅದನ್ನು ನನ್ನ ಕಣ್ಣೆದುರೇ ಮಾಡಿ ತೋರಿಸಿದ್ದರು.

ಕಲಾವಿದರ ಕಷ್ಟಕ್ಕೆ ಆಗುವವರು ನಮ್ಮಲ್ಲಿ ಇಲ್ಲವೆಂದಲ್ಲ. 1975ರಲ್ಲಿ ಹುಟ್ಟಿದ ಉಡುಪಿಯ ಯಕ್ಷಗಾನ ಕಲಾರಂಗ ಬಡ ಕಲಾವಿದರಿಗೆ ಮನೆ ಕಟ್ಟಿಸಿಕೊಡುತ್ತಿದೆ. ಪಟ್ಲ ಫೌಂಡೇಶನ್ ಚಿಕಿತ್ಸೆಗೆ ನೆರವಾಗುತ್ತಿದೆ. ಕೆಲವು ಮೇಳಗಳು ಕಾಲಮಿತಿಗೆ ಒಪ್ಪಿ ನಡುರಾತ್ರಿಯ ಹೊತ್ತಿಗೆ ಆಟ ಮುಗಿಸುತ್ತಿವೆ. ಇಡೀ ರಾತ್ರಿಯ ಸೊಗಸು ಹೋಯಿತೆಂದು ಕೊರಗಿದವರಲ್ಲಿ ನಾನೂ ಒಬ್ಬ. ಈಗ ಕೊರಗುವುದಿಲ್ಲ, ಒಬ್ಬ ಮನುಷ್ಯನ ನಿದ್ರೆ ಅದಕ್ಕಿಂತ ದೊಡ್ಡದು. ಆದರೂ ಕಾಲು ಉಳುಕಿದೆ ಎಂದು ರಜೆ ಕೇಳಬಲ್ಲ ವೇಷಧಾರಿ, ಮನಸ್ಸು ಸರಿಯಿಲ್ಲ ಎಂದು ಯಜಮಾನರ ಮುಂದೆ ಇನ್ನೂ ಬಾಯಿಬಿಡಲಾರ. ವೇಷ ಕೈತಪ್ಪೀತು ಎಂಬ ಭಯ.

ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಶುರುಮಾಡಿದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯದ ಸಹಾಯವಾಣಿ ಹಗಲೂ ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ರಾತ್ರಿಯೇ ಹಗಲಾದವರಿಗೆ ಇದು ಸಣ್ಣ ಅನುಕೂಲವಲ್ಲ. ಮೇಳದ ಯಜಮಾನರಲ್ಲಿ ನನ್ನದೊಂದು ಕೋರಿಕೆ: ಚೌಕಿಯಲ್ಲಿ ಬಣ್ಣ ತೆಗೆಯುವವರ ಕಣ್ಣಿಗೆ ಬೀಳುವ ಕಡೆ ಆ ಸಹಾಯವಾಣಿಯ ಸಂಖ್ಯೆಯನ್ನು ದೊಡ್ಡದಾಗಿ ಬರೆದು ಹಾಕಿ. 14416.