ಗಾಯಕಿಯ ಪುಟದಲ್ಲಿ ಗಾಯನ ಎಲ್ಲಿದೆ?

1930ರ ದಶಕದ ಆರಂಭದಲ್ಲಿ ಎಚ್‌ಎಂವಿ ಕಂಪನಿ ಹುಬ್ಬಳ್ಳಿಯ ಒಬ್ಬ ಎಳೆಯ ಗಾಯಕಿಯ ಹಾಡುಗಳನ್ನು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಗ್ರಾಮಫೋನ್ ತಟ್ಟೆಗಳಲ್ಲಿ ತಂದಿತು. ಆ ತಟ್ಟೆಗಳ ದನಿ ತೆಳುವಾದದ್ದು, ಮೇಲಿನ ಸ್ಥಾಯಿಗೆ ಸಲೀಸಾಗಿ ಏರುವಂಥದ್ದು. ಅದೇ ಗಾಯಕಿ ನಡುವಯಸ್ಸು ದಾಟಿದ ಮೇಲೆ ಹಾಡಿದ ಒಂದು ವಿಲಂಬಿತ ಖ್ಯಾಲ್ ಕೇಳಿ. ಹೆಸರು ಹೇಳದೆ ಕೇಳಿಸಿದರೆ ಗಂಡಸಿನ ದನಿ ಎಂದೇ ಬಹಳ ಮಂದಿ ಎಣಿಸುತ್ತಾರೆ. ಅಷ್ಟು ಕೆಳಗಿನ ಶ್ರುತಿ, ಅಷ್ಟು ತೂಕದ ಸ್ವರ. ಗಂಟಲಿನ ತೊಂದರೆ, ಅದಕ್ಕಾದ ಚಿಕಿತ್ಸೆ, ಅದರಿಂದ ಬದಲಾದ ಕಂಠ, ಆ ಬದಲಾದ ಕಂಠವನ್ನೇ ಒಪ್ಪಿಕೊಂಡು ಕಟ್ಟಿದ ಗಾಯನ: ಗಂಗೂಬಾಯಿ ಹಾನಗಲ್ ಅವರ ಸಂಗೀತ ಜೀವನದ ನಡುಗಂಬ ಇದು. ಅವರ ಬಗ್ಗೆ ವಿಶ್ವಕೋಶದಲ್ಲಿ ಒಂದು ಲೇಖನ ಇರುವುದಾದರೆ, ಓದಿ ಮುಗಿಸಿದವರಿಗೆ ಈ ಒಂದು ಸಂಗತಿಯಾದರೂ ಮನಸ್ಸಿನಲ್ಲಿ ನಿಲ್ಲಬೇಕು.

ವಿಕಿಪೀಡಿಯದಂಥ ಅಂತರಜಾಲ ವಿಶ್ವಕೋಶದಲ್ಲಿ ನಮ್ಮ ಗಾಯಕ ಗಾಯಕಿಯರ ಪುಟಗಳನ್ನು ಓದುವಾಗ ನಾನು ಹುಡುಕುವುದು ಇದನ್ನೇ. ಹುಟ್ಟಿದ ದಿನ ಇರುತ್ತದೆ, ತಂದೆ ತಾಯಿಯ ಹೆಸರು ಇರುತ್ತದೆ. ಪ್ರಶಸ್ತಿಗಳ ಪಟ್ಟಿಯಂತೂ ಉದ್ದಕ್ಕೆ ಇರುತ್ತದೆ. ಹಾಡಿಕೆಯ ಬಗ್ಗೆ ಮಾತ್ರ ಒಂದು ಸಾಲು, ಅದೂ ಹೊಗಳಿಕೆ. ‘ಅವರ ಮಧುರ ಕಂಠಕ್ಕೆ ಮನಸೋಲದವರೇ ಇಲ್ಲ’ ಎಂಬ ಧಾಟಿಯ ವಾಕ್ಯವನ್ನು ತೆಗೆದುಕೊಳ್ಳಿ. ಅದರಲ್ಲಿ ‘ಅವರ’ ಎಂಬ ಜಾಗಕ್ಕೆ ಯಾವ ಗಾಯಕರ ಹೆಸರು ಹಾಕಿದರೂ ನಡೆಯುತ್ತದೆ. ಯಾರಿಗೆ ಬೇಕಾದರೂ ಒಪ್ಪುವ ವಾಕ್ಯ ಯಾರ ಬಗ್ಗೆಯೂ ಏನನ್ನೂ ಹೇಳುವುದಿಲ್ಲ. ಅಂಥದ್ದನ್ನು ಪುಟದಿಂದ ತೆಗೆದುಬಿಡಬೇಕು. ಗಂಗೂಬಾಯಿಯವರ ಕಂಠವನ್ನು ‘ಮಧುರ’ ಎಂದು ಬರೆದರೆ ಅದು ಅನ್ಯಾಯವೂ ಹೌದು. ಅವರ ಸ್ವರದ ಗುಣ ಗಾಂಭೀರ್ಯ.

ವಿಕಿಪೀಡಿಯದಲ್ಲಿ ಲೇಖನಗಳನ್ನು ಪರಿಶೀಲಿಸಿ ದರ್ಜೆ ಕೊಡುವ ಪದ್ಧತಿಯೇ ಇದೆ. ಮೂರ್ನಾಲ್ಕು ಸಾಲಿನದು ಚುಟುಕು. ಅದರ ಮೇಲೆ ಒಂದೊಂದೇ ಮೆಟ್ಟಿಲು. ಇಂಗ್ಲಿಷ್ ಆವೃತ್ತಿಯಲ್ಲಿ ‘ಉತ್ತಮ ಲೇಖನ’ ಎನ್ನಿಸಿಕೊಳ್ಳಲು ಆರು ಅಳತೆಗಳಿವೆ: ಬರವಣಿಗೆ ಸ್ಪಷ್ಟವಾಗಿರಬೇಕು, ಹೇಳಿದ್ದಕ್ಕೆ ಆಧಾರ ಸಿಗಬೇಕು, ವಿಷಯದ ಮುಖ್ಯ ಮುಖಗಳೆಲ್ಲ ಬರಬೇಕು, ಪಕ್ಷಪಾತ ಇರಬಾರದು, ದಿನಬೆಳಗಾದರೆ ತಿದ್ದಾಟದ ಜಗಳ ನಡೆಯುತ್ತಿರಬಾರದು, ಸಾಧ್ಯವಿದ್ದಲ್ಲಿ ಚಿತ್ರಗಳಿರಬೇಕು. ಒಳ್ಳೆಯ ಅಳತೆಗಳೇ. ಆದರೆ ಗಾಯಕರ ಲೇಖನದ ಮಟ್ಟಿಗೆ ಮೂರನೆಯದನ್ನು ನಾವು ತೀರ ಸಡಿಲವಾಗಿ ಓದುತ್ತಿದ್ದೇವೆ. ಗಾಯಕಿಯೊಬ್ಬಳ ಜೀವನದ ಮುಖ್ಯ ಮುಖ ಗಾಯನವಲ್ಲದೆ ಇನ್ನೇನು?

ಗಂಗೂಬಾಯಿಯವರ ವಿಷಯದಲ್ಲಿ ಹೇಳಲು ಎಷ್ಟೊಂದಿದೆ. 1913ರ ಮಾರ್ಚ್ 5ರಂದು ಧಾರವಾಡದಲ್ಲಿ ಹುಟ್ಟಿದರು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳು ಹಿಂದೂಸ್ತಾನಿ ಕಲಿಯತೊಡಗಿದಾಗ, ತನ್ನ ಹಾಡಿಕೆಯ ನೆರಳು ಅವಳ ಕಲಿಕೆಯ ಮೇಲೆ ಬೀಳಬಾರದೆಂದು ಆ ತಾಯಿ ತಾನೇ ಹಾಡುವುದನ್ನು ನಿಲ್ಲಿಸಿದಳು. ಈ ಒಂದು ವಾಕ್ಯದಲ್ಲಿ ಧಾರವಾಡ ಸೀಮೆಯ ಸಂಗೀತದ ಚರಿತ್ರೆಯೇ ಅಡಗಿದೆ. ಎರಡು ಪದ್ಧತಿಗಳು ಒಂದೇ ಮನೆಯೊಳಗೆ ಎದುರಾದದ್ದು, ಒಂದು ಇನ್ನೊಂದಕ್ಕೆ ಜಾಗ ಬಿಟ್ಟದ್ದು. ಇದನ್ನು ‘ಸಂಗೀತದ ವಾತಾವರಣದಲ್ಲಿ ಬೆಳೆದರು’ ಎಂದು ಬರೆದು ಮುಂದೆ ಹೋದರೆ ಓದುಗರಿಗೆ ಏನು ಸಿಕ್ಕಿತು?

ಆಮೇಲೆ ಕುಂದಗೋಳದ ಪಾಠ. ಗುರು ರಾಮಭಾವು ಕುಂದಗೋಳಕರ್, ಅಂದರೆ ಸವಾಯಿ ಗಂಧರ್ವರು. ಕಿರಾಣಾ ಘರಾಣೆ ಎಂಬ ಗಾಯನ ಪರಂಪರೆಯ ಅಬ್ದುಲ್ ಕರೀಂ ಖಾನರ ಶಿಷ್ಯರು. ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಕಲಿತು ಬರುವುದು, ಒಂದೇ ಸ್ವರಗುಚ್ಛವನ್ನು ಗುರು ಸಾಕೆನ್ನುವವರೆಗೆ ಹಾಡುತ್ತಲೇ ಇರುವುದು. ರಾಗವನ್ನು ಅವಸರವಿಲ್ಲದೆ ಸ್ವರ ಸ್ವರವಾಗಿ ಬಿಚ್ಚುತ್ತ ಹೋಗುವ ಅವರ ಬಢತ್ ಹುಟ್ಟಿದ್ದು ಅಲ್ಲಿ. ಅದೇ ಗುರುವಿನ ಬಳಿ ಕಲಿತ ಭೀಮಸೇನ ಜೋಶಿಯವರ ತಾನಗಳ ಆರ್ಭಟಕ್ಕೂ ಗಂಗೂಬಾಯಿಯವರ ನಿಧಾನಕ್ಕೂ ಇರುವ ಅಂತರವನ್ನು ನಾಲ್ಕು ವಾಕ್ಯದಲ್ಲಿ ಹೇಳಿದರೆ ಸಾಕು, ಘರಾಣೆ ಎಂದರೇನು, ಅದರೊಳಗೆ ವ್ಯಕ್ತಿ ತನ್ನ ದಾರಿ ಕಂಡುಕೊಳ್ಳುವುದು ಹೇಗೆ ಎಂಬುದು ಸಂಗೀತ ಗೊತ್ತಿಲ್ಲದ ಓದುಗರಿಗೂ ತಿಳಿದೀತು. ಕಛೇರಿಗಳಲ್ಲಿ ಮಗಳು ಕೃಷ್ಣಾ ಹಿಂದೆ ಕುಳಿತು ದನಿಗೂಡಿಸುತ್ತಿದ್ದುದು ಕೂಡ ಬರೀ ಕೌಟುಂಬಿಕ ವಿವರವಲ್ಲ. ತಾಯಿಯ ಕೆಳದನಿಯ ಜೊತೆಗೆ ಮಗಳ ದನಿ ಸೇರಿಯೇ ಆ ಕಛೇರಿಗಳ ನಾದ ತುಂಬಿಕೊಳ್ಳುತ್ತಿತ್ತು. ಹಳೆಯ ಧ್ವನಿಮುದ್ರಣ ಕೇಳಿದವರಿಗೆ ಇದು ಗೊತ್ತು. ಪುಟದಲ್ಲಿ ಕೃಷ್ಣಾ ಅವರ ಹೆಸರು ‘ಕುಟುಂಬ’ ಎಂಬ ತಲೆಬರಹದ ಕೆಳಗಷ್ಟೇ ಇದ್ದರೆ ಸಾಲದು, ‘ಗಾಯನ’ದ ಕೆಳಗೂ ಬರಬೇಕು.

ಹೆಸರಿನ ವಿಷಯವನ್ನೂ ನೋಡಿ. ಗಂಗೂಬಾಯಿಯವರ ತಂದೆ ನಾಡಿಗೇರರು, ಪತಿ ಕೌಲಗಿಯವರು. ಅವರು ಇಟ್ಟುಕೊಂಡದ್ದು ತಾಯಿಯ ಕಡೆಯ ಊರು ಹಾನಗಲ್ಲಿನ ಹೆಸರನ್ನು. ಹಾಡುವ ಹೆಣ್ಣುಮಕ್ಕಳನ್ನು ಆ ಕಾಲ ಯಾವ ಕಣ್ಣಿನಿಂದ ನೋಡುತ್ತಿತ್ತು, ‘ಗಾನೇವಾಲಿ’ ಎಂಬ ಹೀಯಾಳಿಕೆಯನ್ನು ಅವರು ಹೇಗೆ ಕೇಳಿಸಿಕೊಂಡರು, ಜಾತಿಯ ಅವಮಾನವನ್ನು ಹೇಗೆ ನುಂಗಿದರು ಎಂಬುದನ್ನು ಅವರೇ ಮುಚ್ಚಿಡದೆ ಹೇಳಿಕೊಂಡಿದ್ದಾರೆ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯ ಮುಂದೆ ಹಾಡಿದ ಹುಡುಗಿ ಅವರು. ಆ ಗೌರವವನ್ನು ಎಲ್ಲರೂ ಬರೆಯುತ್ತಾರೆ. ಅದೇ ಹುಡುಗಿಯ ಮನಸ್ಸಿನಲ್ಲಿ ಜಾತಿಯ ಕಾರಣಕ್ಕೆ ಇದ್ದ ಅಳುಕನ್ನು ಬರೆಯಲು ಕೈ ಹಿಂಜರಿಯುತ್ತದೆ. ಗೌರವ ಕೊಡುತ್ತಿದ್ದೇವೆ ಅಂದುಕೊಂಡು ನಾವು ಜೀವನದ ಅರ್ಧವನ್ನು ಅಳಿಸಿಹಾಕುತ್ತೇವೆ. ಅವರು ಯಾವುದನ್ನು ದಾಟಿ ಬಂದರೆಂದು ಹೇಳದೆ, 1971ರ ಪದ್ಮಭೂಷಣ, 2002ರ ಪದ್ಮವಿಭೂಷಣಗಳನ್ನು ಪಟ್ಟಿ ಮಾಡಿದರೆ ಅವುಗಳ ಬೆಲೆ ಓದುಗರಿಗೆ ತಿಳಿಯುವುದಾದರೂ ಹೇಗೆ?

ಸಿನಿಮಾ ಗಾಯಕರ ಪುಟಗಳ ಕಾಯಿಲೆ ಬೇರೆ. ಅಲ್ಲಿ ಅಂಕಿಗಳ ಹಾವಳಿ. ಲತಾ ಮಂಗೇಶ್ಕರ್ ಅವರ ಉದಾಹರಣೆಯನ್ನೇ ತೆಗೆದುಕೊಳ್ಳೋಣ. 1974ರ ಗಿನ್ನೆಸ್ ದಾಖಲೆ ಪುಸ್ತಕ ಅವರು 1948ರಿಂದ ಆ ಹೊತ್ತಿಗೆ 25,000ಕ್ಕೆ ಕಡಿಮೆಯಿಲ್ಲದಷ್ಟು ಹಾಡು ಹಾಡಿದ್ದಾರೆ ಎಂದು ಮುದ್ರಿಸಿತು. ಮೊಹಮ್ಮದ್ ರಫಿ ಅದನ್ನು ಒಪ್ಪಲಿಲ್ಲ. ಕಾಗದ ಪೆನ್ನು ಹಿಡಿದು ಕುಳಿತರೆ ಯಾರಿಗೂ ಅನುಮಾನ ಬರುವಂತಿದೆ. 26 ವರ್ಷಕ್ಕೆ 25,000 ಎಂದರೆ ವರ್ಷಕ್ಕೆ 960ರ ಮೇಲೆ, ದಿನವೂ ಬಿಡದೆ ಎರಡೂವರೆ ಹಾಡಿಗಿಂತ ಹೆಚ್ಚು. ಆಗ ವರ್ಷಕ್ಕೆ ಬರುತ್ತಿದ್ದ ಹಿಂದಿ ಚಿತ್ರಗಳು ನೂರರ ಆಚೀಚೆ. ಚಿತ್ರಕ್ಕೆ ಏಳೆಂಟು ಹಾಡು ಹಿಡಿದರೂ ಎಲ್ಲ ಗಾಯಕರದೂ ಸೇರಿ ಏಳೆಂಟು ನೂರರ ಸುತ್ತಮುತ್ತ. ಕಾನ್ಪುರದ ಹರ್‌ಮಂದಿರ್ ಸಿಂಗ್ ‘ಹಮ್‌ರಾಜ್’ ಅವರು ಹಿಂದಿ ಚಿತ್ರಗೀತೆಗಳನ್ನು ಚಿತ್ರ ಚಿತ್ರವಾಗಿ, ದಶಕಕ್ಕೊಂದು ಸಂಪುಟದಂತೆ ‘ಹಿಂದಿ ಫಿಲ್ಮ್ ಗೀತ್ ಕೋಶ್’ನಲ್ಲಿ ದಾಖಲಿಸಿದ ಮೇಲೆ ಹಾಡುಗಳನ್ನು ನಿಜವಾಗಿ ಎಣಿಸುವುದು ಸಾಧ್ಯವಾಯಿತು. ಹಾಗೆ ಎಣಿಸಿದವರಿಗೆ ಹಿಂದಿ ಸಿನಿಮಾದ ಮಟ್ಟಿಗೆ ಸಿಕ್ಕಿದ್ದು ಐದು ಸಾವಿರದ ಆಸುಪಾಸಿನ ಲೆಕ್ಕ. 1991ರ ಹೊತ್ತಿಗೆ ಗಿನ್ನೆಸ್ ಆ ದಾಖಲೆಯನ್ನೇ ಕೈಬಿಟ್ಟಿತು. ಐದು ಸಾವಿರವೇನು ಸಣ್ಣ ಸಂಖ್ಯೆಯೇ? ಒಂದು ಜನ್ಮಕ್ಕೆ ಅದು ಅಗಾಧ. ಆದರೂ 25,000 ಎಂಬ ಅಂಕಿ ಲೇಖನದಿಂದ ಲೇಖನಕ್ಕೆ, ಭಾಷೆಯಿಂದ ಭಾಷೆಗೆ ಹಾರುತ್ತಲೇ ಇದೆ, ಕೆಲವೆಡೆ ಅದು ಬೆಳೆದು 30,000, 50,000 ಆಗಿದೆ. ನಮ್ಮ ಮೆಚ್ಚಿನ ಹಿನ್ನೆಲೆ ಗಾಯಕರ ಪುಟಗಳಲ್ಲೂ ಇಂಥ ದುಂಡು ಸಂಖ್ಯೆಗಳು ಕುಳಿತಿವೆ.

ಒಳ್ಳೆಯ ಪುಟ ಇದನ್ನು ಹೇಗೆ ನಿಭಾಯಿಸಬೇಕು? ಅಂಕಿಯನ್ನು ಮುಚ್ಚಿಡಬೇಕಿಲ್ಲ. ಯಾರು, ಯಾವ ವರ್ಷ, ಯಾವ ಆಧಾರದಿಂದ ಹೇಳಿದರು, ಯಾರು ಪ್ರಶ್ನಿಸಿದರು, ಕೊನೆಗೆ ಏನಾಯಿತು ಎಂಬುದನ್ನು ಹೇಳಿದರೆ ಆಯಿತು. 1967ರ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ಚಿತ್ರಕ್ಕಾಗಿ ಲತಾ ಕನ್ನಡದಲ್ಲಿ ಹಾಡಿದರು ಎಂಬ ಒಂದು ಸಾಲಿಗೆ ಚಿತ್ರವೇ ಸಾಕ್ಷಿ, ತಟ್ಟೆಯೇ ಸಾಕ್ಷಿ. ಇಂಥ ಒಂದು ಸಾಲನ್ನು ನಾನು ಆಧಾರವಿಲ್ಲದ ಇಪ್ಪತ್ತೈದು ಸಾವಿರಕ್ಕಿಂತ ಮೇಲೆ ಇಡುತ್ತೇನೆ.

ಆಧಾರದ ವಿಷಯದಲ್ಲಿ ಇನ್ನೊಂದು ಅಪಾಯವಿದೆ. ಯಾರೋ ಪುಟದಲ್ಲಿ ಆಧಾರವಿಲ್ಲದೆ ಒಂದು ಸಂಗತಿ ಬರೆಯುತ್ತಾರೆ. ಗಾಯಕರು ತೀರಿಕೊಂಡ ದಿನ, ಅವಸರದಲ್ಲಿದ್ದ ವರದಿಗಾರರು ಅದನ್ನು ಎತ್ತಿಕೊಂಡು ಶ್ರದ್ಧಾಂಜಲಿ ಬರೆಯುತ್ತಾರೆ. ಮರುವಾರ ಇನ್ನೊಬ್ಬರು ಆ ಪತ್ರಿಕೆಯನ್ನೇ ಅಡಿಟಿಪ್ಪಣಿಯಾಗಿ ಪುಟಕ್ಕೆ ಸೇರಿಸುತ್ತಾರೆ. ಅಲ್ಲಿಗೆ ಸುಳ್ಳಿಗೆ ಮುದ್ರೆ ಬಿತ್ತು. ಬದುಕಿರುವವರ ಬಗ್ಗೆಯಂತೂ ಇನ್ನೂ ಎಚ್ಚರ ಬೇಕು. 2020ರಲ್ಲಿ ಹಿನ್ನೆಲೆ ಗಾಯಕಿ ಎಸ್. ಜಾನಕಿಯವರು ಇಲ್ಲವೆಂಬ ಸುಳ್ಳುಸುದ್ದಿ ಹರಡಿದಾಗ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರೇ ಮುಂದೆ ಬಂದು, ಅವರು ಚೆನ್ನಾಗಿದ್ದಾರೆ ಎಂದು ಹೇಳಬೇಕಾಯಿತು. ಬದುಕಿರುವವರ ಪುಟದಲ್ಲಿ ವಿವಾದಕ್ಕೆ ಎಡೆಯಾಗುವ, ಆಧಾರವಿಲ್ಲದ ಮಾತನ್ನು ಚರ್ಚೆಗೆ ಕಾಯದೆ ತೆಗೆಯಬೇಕೆಂಬ ನಿಯಮ ವಿಕಿಪೀಡಿಯದಲ್ಲಿ ಇರುವುದು ಇಂಥ ಕಾರಣಕ್ಕೇ.

ಹಾಗಾದರೆ ನಮ್ಮಲ್ಲಿ ಆಧಾರಗಳಿಗೆ ಬರವೇ? ಖಂಡಿತ ಇಲ್ಲ. ಗಂಗೂಬಾಯಿಯವರ ಆತ್ಮಕಥೆ ‘ನನ್ನ ಬದುಕಿನ ಹಾಡು’ ಇದೆ, ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರ ‘ನನ್ನ ರಸಯಾತ್ರೆ’ ಇದೆ. ಮನ್ಸೂರರು ಮೀರಜಿನಲ್ಲಿ ನೀಲಕಂಠ ಬುವಾ ಅವರಿಂದ ಗ್ವಾಲಿಯರ್ ಪದ್ಧತಿ ಕಲಿತು, ಆಮೇಲೆ ಮಂಜೀಖಾನ್, ಬುರ್ಜೀಖಾನರ ಬಳಿ ಜೈಪುರ ಘರಾಣೆಗೆ ಬಂದದ್ದು ಅವರ ಗಾಯನದ ತಿರುವು. ಅದನ್ನು ಅವರ ಬಾಯಿಂದಲೇ ಕೇಳಬಹುದು. ಆತ್ಮಕಥೆಯನ್ನು ಎಲ್ಲಕ್ಕೂ ಆಧಾರವಾಗಿ ಹಿಡಿಯಲಾಗದು ನಿಜ. ತನ್ನ ಕಲಿಕೆಯ ಬಗ್ಗೆ ಗಾಯಕ ಹೇಳಿದ್ದನ್ನು ನಂಬಬಹುದು, ಗಾಯನದ ಯೋಗ್ಯತೆಯನ್ನು ಬೇರೆಯವರು ಹೇಳಬೇಕು. ಅದಕ್ಕೂ ಸಾಮಗ್ರಿ ಇದೆ. ‘ಪ್ರಜಾವಾಣಿ’, ‘ಸಂಯುಕ್ತ ಕರ್ನಾಟಕ’, ‘ಕಸ್ತೂರಿ’, ‘ಸುಧಾ’ಗಳ ಹಳೆಯ ಸಂಚಿಕೆಗಳಲ್ಲಿ ಕಛೇರಿ ವಿಮರ್ಶೆಗಳು, ಸಂದರ್ಶನಗಳು ತುಂಬಿವೆ. ಇವುಗಳಲ್ಲಿ ಹೆಚ್ಚಿನವು ಅಂತರಜಾಲದಲ್ಲಿ ಇಲ್ಲದ ಕಾರಣ ಹೊಸ ಸಂಪಾದಕರು ಇಂಗ್ಲಿಷ್ ಪತ್ರಿಕೆಗಳ ಕೊಂಡಿಗಳನ್ನೇ ನೆಚ್ಚುತ್ತಾರೆ. ಹೀಗಾಗಿ ಕನ್ನಡದ ಗಾಯಕಿಯ ಬಗ್ಗೆ ಕನ್ನಡ ಕಿವಿಗಳು ಬರೆದಿಟ್ಟದ್ದು ಕನ್ನಡದ ಪುಟಕ್ಕೇ ಬರುವುದಿಲ್ಲ.

ಆಧಾರ ಅಂತರಜಾಲದಲ್ಲೇ ಇರಬೇಕು ಎಂದು ಯಾವ ನಿಯಮವೂ ಹೇಳುವುದಿಲ್ಲ. ಅಚ್ಚಾದ ಪುಸ್ತಕ, ಪತ್ರಿಕೆ ಯಾವುದೇ ಇರಲಿ, ಹೆಸರು, ದಿನಾಂಕ, ಪುಟಸಂಖ್ಯೆ ಕೊಟ್ಟರೆ ಅದು ಪೂರ್ಣ ಪ್ರಮಾಣದ ಉಲ್ಲೇಖ. ಇದು ಎಷ್ಟೋ ಜನರಿಗೆ ಗೊತ್ತಿಲ್ಲ. ಅಟ್ಟದ ಮೇಲೆ ಹಳೆಯ ವಾರಪತ್ರಿಕೆಗಳ ಕಟ್ಟು ಇಟ್ಟುಕೊಂಡವರು, ಆಕಾಶವಾಣಿ ಧಾರವಾಡದ ಸಂಗೀತ ಕೇಳಿ ಬೆಳೆದವರು, ಕಛೇರಿಗಳಿಗೆ ಹೋಗಿ ಫೋಟೊ ತೆಗೆದವರು, ಸಂಗೀತ ಕಲಿತ ಮೇಷ್ಟ್ರುಗಳು ಈ ಕೆಲಸಕ್ಕೆ ಎಲ್ಲರಿಗಿಂತ ಯೋಗ್ಯರು. ಪತ್ರಿಕೆಯಲ್ಲಿ ಬಂದ ಚಿತ್ರವನ್ನು ಎತ್ತಿ ಹಾಕುವಂತಿಲ್ಲ, ಅದರ ಹಕ್ಕು ಬೇರೆಯವರದು. ನೀವೇ ತೆಗೆದ ಫೋಟೊವನ್ನು ಮುಕ್ತ ಪರವಾನಗಿಯಲ್ಲಿ ಕೊಡಬಹುದು.

ಕನ್ನಡಕ್ಕೆ ವಿಶ್ವಕೋಶದ ಶ್ರದ್ಧೆ ಹೊಸದಲ್ಲ. ಶಿವರಾಮ ಕಾರಂತರು ‘ಬಾಲಪ್ರಪಂಚ’ವನ್ನು ಹೆಚ್ಚುಕಡಿಮೆ ಒಂಟಿಯಾಗಿಯೇ ಕಟ್ಟಿದರು. ಮೈಸೂರು ವಿಶ್ವವಿದ್ಯಾನಿಲಯ ಸಂಪುಟದ ಮೇಲೆ ಸಂಪುಟವಾಗಿ ಕನ್ನಡ ವಿಶ್ವಕೋಶವನ್ನು ಹೊರತಂದಿತು. ಈಗಿನ ವಿಶ್ವಕೋಶಕ್ಕೆ ಸಂಪಾದಕ ಮಂಡಳಿಯ ಕಚೇರಿ ಇಲ್ಲ. ಓದುವವರೇ ಬರೆಯುವವರು, ಪರಿಶೀಲಿಸುವವರು. ಆದ್ದರಿಂದ ನಿಮಗೆ ಪ್ರಿಯರಾದ ಒಬ್ಬ ಗಾಯಕರ ಪುಟವನ್ನು ಇವತ್ತು ತೆರೆಯಿರಿ. ಅವರ ಒಂದು ಧ್ವನಿಮುದ್ರಣವನ್ನು ಪೂರ್ತಿ ಕೇಳಿ, ಆಮೇಲೆ ಪುಟ ಓದಿ. ಕೇಳಿದ್ದಕ್ಕೂ ಓದಿದ್ದಕ್ಕೂ ಸಂಬಂಧವೇ ಇಲ್ಲ ಅನ್ನಿಸಿದರೆ ಯಾರಿಗೂ ದೂರು ಕೊಡಬೇಡಿ. ಹೊಗಳಿಕೆಯ ಒಂದು ವಾಕ್ಯವನ್ನು ತೆಗೆಯಿರಿ, ಆ ಜಾಗದಲ್ಲಿ ಹಾಡಿಕೆಯ ಬಗ್ಗೆ ಬಲ್ಲವರು ಬರೆದ ಒಂದು ಸಂಗತಿಯನ್ನು ಪುಸ್ತಕದ ಹೆಸರು, ಪುಟಸಂಖ್ಯೆ ಸಮೇತ ಸೇರಿಸಿ.