ಹೇನು ಕೊಂದರೆ ಪಾಪ ಬರ್ತದೇನು?

ರಾತ್ರಿ ಭಜನಿಯಾಗ ಜೀವದಯದ ಪದ ಹಾಡಿ, ಮುಂಜಾನಿ ಎಣ್ಣಿ ಪಂಪು ಬೆನ್ನಿಗೆ ಕಟ್ಟಿಕೊಂಡು ಹೊಲಕ್ಕ ಹೋಗ್ತೀವಲ್ಲ, ಇದು ಸರಿಯೇನು ಅಂತ ನಮ್ಮ ದಾಮರಗಿದ್ದದ ಹುಡುಗರು ಕೇಳ್ತಾರ. ಒಳ್ಳೆ ಪ್ರಶ್ನಿ.

ಹೇನು ಕೊಲ್ಲೋದು ಪಾಪ ಅಂತ ನಾನು ಒಪ್ಪಂಗಿಲ್ಲ. ಕುಸುಬಿಗೆ ಹೇನು ಬಿತ್ತಂದರ ಸುಳಿ, ಎಲಿಯ ಕೆಳಗ ಎಲ್ಲಾ ಕಪ್ಪಗೆ ಮುಚ್ಚಿ ರಸ ಹೀರ್ತದ, ಜಿಗಿ ಸುರಿಸ್ತದ, ಗಿಡ ನಿಂತಲ್ಲೇ ಒಣಗ್ತದ. ಗಂಡಿನ ಹಂಗಿಲ್ಲದೆ ಹೆಣ್ಣು ಮರಿ ಹಾಕ್ತದ, ಆ ಮರಿ ವಾರ ಹತ್ತು ದಿನದಾಗ ತಾನೇ ತಾಯಿ. ಆ ಜಿಗಿಯ ಆಸೆಗೆ ಇರುವಿ ಹೇನನ್ನ ಹೈನದ ಎಮ್ಮಿ ಹಂಗ ಕಾಯ್ತದ. ಮನಿಮಂದಿ ಉಣಬೇಕಂದರ ಹೇನನ್ನ ತಡೀಲೇಬೇಕು.

ನನ್ನ ತಕರಾರು ಬ್ಯಾರೆ. ಅದೇ ಗಿಡದ ಮ್ಯಾಲ ಗುಲಗಂಜಿ ಹುಳ ಇರ್ತದ, ಹೇನೇ ಅದರ ಊಟ. ಅದರ ಮರಿ ಮಾತ್ರ ತಾಯಿ ಹಂಗ ಚಂದ ಇರಂಗಿಲ್ಲ, ಕರ್ರಗೆ, ಉದ್ದಕ, ಸಣ್ಣ ಮೊಸಳಿ ಹಂಗ. ಬೆಳಿ ತಿನ್ನೋ ಹುಳ ಅಂತ ಮಂದಿ ಹೊಸಕಿ ಹಾಕ್ತಾರ! ಎಣ್ಣಿ ಹೊಡೆದರ ಎರಡೂ ಸಾಯ್ತಾವ. ಉಳಿದ ನಾಕು ಹೇನು ವಾರದಾಗ ಮತ್ತ ಹಿಂಡಾಗ್ತಾವ, ಗುಲಗಂಜಿ ಮೊಟ್ಟಿಯಿಂದ ದೊಡ್ಡದಾಗಲಿಕ್ಕೆ ಮೂರು ನಾಕು ವಾರ ಬೇಕು. ಮತ್ತ ಅಂಗಡಿಗೆ ಓಡಬೇಕು.

ಪಂಪು ಹೊರಾವ ಯಾರು ಅಂತನೂ ನೋಡ್ರಿ. ಬಹಳ ಕಡಿ ಕೂಲಿ ಆಳು. ಮಾಲಕ ಬದುವಿನ ಮ್ಯಾಲ ನಿಂತಿರ್ತಾನ, ಇವನ ಬಾಯಿಗೆ ಒಂದು ಟವೆಲ್ಲು. ಕಾಸರಗೋಡಿನ ಗೇರು ತೋಟದಾಗ ಹೇನಿಗಲ್ಲ, ಬ್ಯಾರೆ ಕೀಟಕ್ಕ ಅಂತ ವರ್ಷಾನುಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು, ಕೆಳಗಿದ್ದ ಕೂಸುಗಳು ಬ್ಯಾನಿ ಉಂಡವು. ಸುಪ್ರೀಂ ಕೋರ್ಟು ಅದನ್ನ ದೇಶದಾಗೆಲ್ಲ ತಡೆದದ್ದು 2011ರಾಗ.

ಹಂಗಾಗಿ ನಾನು ಮೊದಲು ಎಲಿ ತಿರುವಿ ನೋಡ್ತೀನಿ. ಗುಲಗಂಜಿ ಬಂದಿದ್ದರ ನಾಕು ದಿನ ಕಾಯ್ತೀನಿ. ಬದುವಿನ ಸಾಲಿನ್ಯಾಗಷ್ಟೇ ಹೇನಿದ್ದರ ಆ ಸುಳಿ ಚಿವುಟಿ ಸುಡ್ತೀನಿ. ಹೆಚ್ಚಾದರ 5 ಕಿಲೊ ಬೇವಿನ ಬೀಜದ ತಿರುಳು ಕುಟ್ಟಿ, ರಾತ್ರಿ ನೆನಸಿ, ಸೋಸಿ, 100 ಲೀಟರ್ ನೀರು ಮಾಡಿ, ಚೂರು ಸೋಪು ಕಲಸಿ ಹೊಡೀತೀನಿ. ಕುಸುಬಿ ತಡಾ ಮಾಡದೆ ಬಿತ್ತಿದರ ಹೇನಿನ ಕಾಟನೂ ಕಮ್ಮಿ.

ಬಗೆಹರಿಯದ ಮಾತು ಒಂದದ. ನನ್ನ ಹೊಲದ ಹೇನು ಹೆಚ್ಚಾದರ ರೆಕ್ಕಿ ಮೂಡಿ ಬಾಜೂ ಹೊಲಕ್ಕ ಹಾರ್ತದ. ಬಾಜೂದವ ಕೇಳ್ತಾನ, "ಕಾಕಾ, ನಿಮ್ಮ ದಯಕ್ಕ ನನ್ನ ಬೆಳಿ ಹೋದರ ನನ್ನ ಸಾಲ ನೀವು ತೀರಸ್ತೀರೇನು?" ಅವನ ಎಣ್ಣಿಗೆ ನನ್ನ ಗುಲಗಂಜಿ ಸಾಯ್ತಾವ ಅಂತ ನಾನೂ ಅನ್ನಬಹುದು. ಆದರ ಸಾಲ ಅವನದು, ನನ್ನದಲ್ಲ. ಈ ವರ್ಷ ಬಿತ್ತೂಕಿಂತ ಮುಂಚೆ ಇಬ್ಬರೂ ಕೂಡಿ ಕುಂದ್ರೂನು ಅಂತ ಹೇಳೀನಿ. ಅವ ಇನ್ನೂ ಹೂಂ ಅಂದಿಲ್ಲ.