ಗುಣಕ್ಕೆ ಹೊರಿಸಿದ ದೋಷ

ಬಡ್ತಿಯ ಪಟ್ಟಿ ಹೊರಬಿದ್ದ ದಿನ ಕಚೇರಿಯಲ್ಲಿ ಸಿಹಿ ಹಂಚುತ್ತಾರೆ. ಪೇಡೆ ಬಾಯಿಗಿಟ್ಟುಕೊಂಡು ‘ಬಹಳ ಸಂತೋಷ’ ಎಂದು ಕೈಕುಲುಕಿದವರೇ ಅರ್ಧ ಗಂಟೆ ಕಳೆಯುವುದರೊಳಗೆ ಕ್ಯಾಂಟೀನಿನಲ್ಲಿ ಕೂತು ‘ಎಲ್ಲ ವಶೀಲಿ ಬಿಡಿ’ ಎನ್ನುತ್ತಾರೆ. ಹಾಗೆ ಅಂದವರಲ್ಲಿ ನಾನೂ ಒಬ್ಬನಾಗಿದ್ದೆ ಎಂಬುದು ಇಷ್ಟು ವರ್ಷಗಳ ಮೇಲೂ ನನ್ನನ್ನು ಕಾಡುತ್ತದೆ.

ಬಡ್ತಿ ಪಡೆದವನು ನನ್ನ ಜೊತೆಯಲ್ಲೇ ಕೆಲಸಕ್ಕೆ ಸೇರಿದವನು; ಒಂದೇ ಮೇಜಿಗೆ ಎದುರುಬದುರಾಗಿ ಕೂತು, ಮಧ್ಯಾಹ್ನದ ಬುತ್ತಿಯಲ್ಲಿ ಉಪ್ಪಿನಕಾಯಿ ಹಂಚಿಕೊಂಡು ಉಂಡವನು. ಎಲ್ಲೋ ದೂರದ ಸಿರಿವಂತ ಮತ್ತಷ್ಟು ಸಿರಿವಂತನಾದರೆ ನಮ್ಮ ನಿದ್ದೆಯೇನೂ ಕೆಡುವುದಿಲ್ಲ. ಪಕ್ಕದ ಕುರ್ಚಿಯವನು ಒಂದು ಮೆಟ್ಟಿಲು ಏರಿದರೆ ಮಾತ್ರ ಹೊಟ್ಟೆಯಲ್ಲಿ ಕಿಚ್ಚೇಕೆ ಏಳುತ್ತದೆ? ನಾನು ಏರದೆ ಉಳಿದದ್ದಕ್ಕೆ ನನಗೆ ನಾನೇ ಹೇಳಿಕೊಂಡು ಬಂದ ನೆಪಗಳೆಲ್ಲ ಅವನ ಏಳಿಗೆಯ ಎದುರು ಉದುರಿಹೋಗುತ್ತವೆ ಎಂತಲೇ?

ಗುಣದಲ್ಲೂ ದೋಷವನ್ನು ಆರೋಪಿಸುವುದೇ ಅಸೂಯೆ ಎಂದು ‘ಅಮರಕೋಶ’ ಅರ್ಥ ಹೇಳುತ್ತದೆ. ಈ ಅರ್ಥವನ್ನು ನಾನು ಎಷ್ಟು ಸಲ ಮೆಲುಕು ಹಾಕಿದ್ದೇನೋ. ಹೊತ್ತಿಗೆ ಮುಂಚೆ ಬರುವವನು ಸಾಹೇಬರ ಕಣ್ಣಿಗೆ ಬೀಳಲೆಂದೇ ಬರುತ್ತಾನೆ. ಕಡತವನ್ನು ಕೂಲಂಕಷವಾಗಿ ಓದುವವನಿಗೆ ಕೆಲಸ ತಡಮಾಡುವ ಚಟ. ಮೆತ್ತಗೆ ಮಾತಾಡುವವನು ಒಳಗೊಳಗೇ ಲೆಕ್ಕ ಹಾಕುವ ಆಸಾಮಿ. ಸುಳ್ಳು ಹೇಳುತ್ತಿದ್ದೇವೆಂದು ನಮಗೆ ಅನಿಸುವುದೇ ಇಲ್ಲ. ಕಂಡದ್ದನ್ನು ಕಂಡ ಹಾಗೆ ಆಡಿದೆವೆಂಬ ನೆಮ್ಮದಿಯಲ್ಲೇ ಚಾಡಿ ಬೆಳೆಯುತ್ತದೆ.

ಇದರ ನಷ್ಟ ಎಲ್ಲಿಯವರೆಗೆ ಹೋಗುತ್ತದೆ? ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿ, ಹಾರ್ವರ್ಡಿನಲ್ಲಿ ದುಡಿದ ಯಲ್ಲಾಪ್ರಗಡ ಸುಬ್ಬರಾವ್ ಬೇರ್ಪಡಿಸಿದ್ದ ಕೆಲವು ನ್ಯೂಕ್ಲಿಯೋಟೈಡ್‌ಗಳನ್ನು ವರ್ಷಗಳ ಅನಂತರ ಬೇರೆಯವರು ಹೊಸದಾಗಿ ಕಂಡುಹಿಡಿಯಬೇಕಾಯಿತು. ಹಿರಿಯ ಸಹೋದ್ಯೋಗಿ, ಮತ್ಸರದಿಂದಲೇ ಇರಬೇಕು, ಅವನ್ನು ಬೆಳಕಿಗೆ ಬರಗೊಡಲಿಲ್ಲವೆಂದು ಹೇಳಿದವರು 1988ರ ನೊಬೆಲ್ ಪುರಸ್ಕೃತ ಜಾರ್ಜ್ ಹಿಚಿಂಗ್ಸ್. ಸುಬ್ಬರಾವ್ ಆ ವಿಶ್ವವಿದ್ಯಾಲಯ ಬಿಟ್ಟು 1940ರಲ್ಲಿ ಔಷಧ ಕಂಪನಿಯೊಂದಕ್ಕೆ ಹೋದರು, ಅಲ್ಲಿಯೂ ಮಹತ್ತರವಾದದ್ದನ್ನೇ ಸಾಧಿಸಿದರು. ಆದರೆ ಕಪಾಟಿನಲ್ಲಿ ಕೂತ ಆ ವರ್ಷಗಳು ಯಾರ ಸೊತ್ತಾಗಿದ್ದವು? ಒಬ್ಬ ಸುಬ್ಬರಾವ್ ಅವರದಷ್ಟೇ ಅಲ್ಲವಲ್ಲ.

ನಮ್ಮ ಕಚೇರಿಯಲ್ಲಿ ಅಷ್ಟು ದೊಡ್ಡದೇನೂ ನಡೆಯಲಿಲ್ಲ. ಗೆಳೆಯ ಬರೆದ ಟಿಪ್ಪಣಿಗಳು ಆ ವರ್ಷವೆಲ್ಲ ನನ್ನ ಮೇಜನ್ನು ಹಾದೇ ಹೋಗುತ್ತಿದ್ದವು. ನಾಲ್ಕು ಸಲ ಅಲೆದು ಸೋತಿದ್ದ ಒಬ್ಬ ಅಜ್ಜಿಗೆ ಯಾವ ನಿಯಮದಡಿ ಪಿಂಚಣಿ ಸಿಗಬಹುದೆಂದು ಹುಡುಕಿ, ಎರಡು ಪುಟ ತುಂಬ ದುಂಡಗೆ ಬರೆದು ಕಳಿಸಿದ್ದ. ಆ ಎರಡು ಪುಟಗಳಲ್ಲಿ ಅಂದು ನನ್ನ ಕಣ್ಣಿಗೆ ಬಿದ್ದದ್ದು, ಒಂದು ಒತ್ತಕ್ಷರದ ತಪ್ಪು.